ಹೂಡಿದ ಅಸ್ತ್ರವನ್ನು ಹಿಂದಕ್ಕೆ ಪಡೆದವನು

(ಬಳ್ಳಾರಿಯಲ್ಲಿ ರಂಗಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಹಾಭಾರತದ ವೀರರು ಯಾರು ಯಾರು ಎಂದು ಕೇಳಿದರೆ ಕನ್ನಡದವರು ತಡವರಿಸಬೇಕಾಗಿಲ್ಲ. ಪಂಪ ಹತ್ತನೆಯ ಶತಮಾನದಲ್ಲೇ ಒಂದು ಪದ್ಯದಲ್ಲಿ ಎಣಿಸಿಟ್ಟಿದ್ದಾನೆ. ಛಲದಲ್ಲಿ ದುರ್ಯೋಧನ, ನನ್ನಿಯಲ್ಲಿ ಕರ್ಣ, ಗಂಡುತನದಲ್ಲಿ ಭೀಮಸೇನ, ಬಲದಲ್ಲಿ ಶಲ್ಯ, ಔನ್ನತ್ಯದಲ್ಲಿ ಭೀಷ್ಮ, ಬಿಲ್ವಿದ್ಯೆಯಲ್ಲಿ ದ್ರೋಣ, ಸಾಹಸದಲ್ಲಿ ಅರ್ಜುನ, ಧರ್ಮದಲ್ಲಿ ಧರ್ಮರಾಯ. ಇವರಿಂದಲೇ ಈ ಭಾರತ ಲೋಕಪೂಜ್ಯವಾಯಿತು ಅನ್ನುತ್ತಾನೆ. ಒಟ್ಟು ಎಂಟು ಹೆಸರು. ಒಮ್ಮೆ ನಿಧಾನವಾಗಿ ಎಣಿಸಿ ನೋಡಿ: ಎಂಟರಲ್ಲಿ ಐದು ಮಂದಿ ಸೋತ ಪಾಳೆಯದವರು. ಪಟ್ಟಿಯ ಮೊದಲ ಹೆಸರೇ ತೊಡೆ ಮುರಿದುಕೊಂಡು ನೆಲದಲ್ಲಿ ಬಿದ್ದು ಸತ್ತವನದು.

ಪಂಪ ಬರೆದದ್ದು ಅರ್ಜುನನನ್ನು ನಾಯಕನನ್ನಾಗಿ ಮಾಡಿ. ತನ್ನ ದೊರೆ ಅರಿಕೇಸರಿಯನ್ನು ಆ ಅರ್ಜುನನೊಂದಿಗೆ ಸಮೀಕರಿಸಿ ಹಾಡಿದ ಕಾವ್ಯ ಅದು. ಅಂಥ ಕಾವ್ಯದ ಕೊನೆಯಲ್ಲೂ ಕವಿಗೆ ಗೆದ್ದವರನ್ನಷ್ಟೇ ಹೊಗಳಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಇದು ನಮ್ಮ ನೆಲದ ಗುಣ ಅಂತ ನನಗೆ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಗುಡಿಯ ಪಕ್ಕಕ್ಕೋ ಹೊಲದ ಬದುವಿಗೋ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಎಷ್ಟೋ ಕಲ್ಲುಗಳು ದನಗಳನ್ನು ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಸತ್ತವರವು. ಆ ಹೊತ್ತಿನ ಜಗಳದಲ್ಲಿ ಗೆದ್ದವರು ಯಾರು ಅಂತ ಕಲ್ಲು ನೋಡಿ ಹೇಳುವುದಕ್ಕೆ ಬಹಳ ಸಲ ಆಗುವುದಿಲ್ಲ. ಇನ್ನು ಕಂಪ್ಲಿ, ಕುಮ್ಮಟದುರ್ಗದ ಕುಮಾರರಾಮ. 14ನೇ ಶತಮಾನದಲ್ಲಿ ದಿಲ್ಲಿಯ ಸೈನ್ಯಕ್ಕೆ ಎದುರಾಗಿ ಸತ್ತ. ಅವನ ರಾಜ್ಯವೂ ಹೋಯಿತು. ಆದರೆ ಅವನ ಹೆಸರಿನ ಹಾಡು ಹೋಗಲಿಲ್ಲ, ಪೂಜೆ ನಿಲ್ಲಲಿಲ್ಲ.

ಸೋತವರಲ್ಲಿ ವೀರವನ್ನು ಕಾಣುವ ಕಣ್ಣು ನಮಗಿದೆ, ಸರಿ. ಇವತ್ತು ನಾನು ಕೇಳಬೇಕೆಂದಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಹೊಡೆಯಬಲ್ಲವನು ಹೊಡೆಯದೆ ಕೈ ಹಿಂದಕ್ಕೆ ತೆಗೆದುಕೊಂಡರೆ, ಅದು ನಮ್ಮ ಕಣ್ಣಿಗೆ ಬೀಳುತ್ತದೆಯೇ? ವ್ಯಾಸರ ಕಣ್ಣಿಗೆ ಬಿದ್ದಿದೆ. ಹದಿನೆಂಟು ದಿನದ ಯುದ್ಧವೆಲ್ಲ ಮುಗಿದ ಮೇಲೆ, ಸೌಪ್ತಿಕ ಪರ್ವದಲ್ಲಿ, ಅಂಥ ಒಂದು ಗಳಿಗೆಯನ್ನು, ಅರ್ಜುನ ತಾನು ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆದ ಗಳಿಗೆಯನ್ನು, ಅವರು ಇಟ್ಟಿದ್ದಾರೆ. ಮಹಾಭಾರತದ ಪರಾಕ್ರಮಗಳಲ್ಲಿ ಅದೇ ಹಿರಿದು ಎಂದು ನಾನು ನಂಬಿದ್ದೇನೆ.

ಸೌಪ್ತಿಕ ಪರ್ವದ ಕಥೆ ಈ ಊರಿನವರಿಗೆ ಹೊಸದಲ್ಲ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಆಡದ ಹಳ್ಳಿ ನಮ್ಮ ಸೀಮೆಯಲ್ಲಿ ಕಡಿಮೆ. ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ನೋಡಿದವರು ಇಲ್ಲೇ ಕೂತಿದ್ದೀರಿ. ಜಾತ್ರೆ ಬಂತೆಂದರೆ ಹಾರ್ಮೋನಿಯಂ ಮಾಸ್ತರನ್ನು ಕರೆಸಿ, ಎರಡು ತಿಂಗಳು ರಾತ್ರಿ ರಾತ್ರಿ ತಾಲೀಮು ಮಾಡಿ, ಸೀನರಿ ಬಾಡಿಗೆಗೆ ತಂದು, ಪಾತ್ರಕ್ಕೆ ಇಷ್ಟು ಅಂತ ತಾವೇ ದುಡ್ಡು ಹಾಕಿಕೊಂಡು ಆಡುವ ರೈತರು ನಮ್ಮವರು. ದುರ್ಯೋಧನನ ಪಾತ್ರಕ್ಕೆ ಎಷ್ಟು ಪೈಪೋಟಿ! ಗದೆ ಹೆಗಲಿಗೆ ಹಾಕಿ ಬಂದು ಒಂದು ಕಂದಪದ್ಯ ಹಾಡಿದನೆಂದರೆ ಶಿಳ್ಳೆ, ಹಾರ, ಎದೆಗೆ ನೋಟು ಚುಚ್ಚುವುದು. ಭೀಮ ತೊಡೆ ತಟ್ಟಿದರೂ ಅಷ್ಟೇ. ಈ ಸಂಭ್ರಮವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಮಹಾಭಾರತವನ್ನು ಓದದೆಯೂ ಬಾಯಿಪಾಠ ಮಾಡಿಕೊಂಡ ಜನ ಇವರಿಂದಲೇ ಆದದ್ದು. ಆದರೆ ಶಿಳ್ಳೆ ಬೀಳದ ಜಾಗಗಳೂ ಕಥೆಯಲ್ಲಿವೆ.

ಹದಿಮೂರನೆಯ ದಿನಕ್ಕೆ ಹೋಗೋಣ. ಹದಿನಾರು ವರ್ಷದ ಅಭಿಮನ್ಯು ಚಕ್ರವ್ಯೂಹ ಒಡೆದು ಒಳಗೆ ಹೋದ. ಹಿಂದೆ ಬರಬೇಕಾದ ನಾಲ್ವರು ಪಾಂಡವರನ್ನು ಜಯದ್ರಥ ಬಾಗಿಲಲ್ಲೇ ತಡೆದ. ಒಳಗೆ ಅವನನ್ನು ಸುತ್ತಿಕೊಂಡವರು ಆರು ಮಹಾರಥರು: ದ್ರೋಣ, ಕೃಪ, ಕರ್ಣ, ಅಶ್ವತ್ಥಾಮ, ಕೋಸಲದ ಬೃಹದ್ಬಲ, ಕೃತವರ್ಮ. ಈ ಹೆಸರುಗಳಲ್ಲಿ ಮೂರನ್ನು ನೆನಪಿನಲ್ಲಿಡಿ: ಕೃಪ, ಕೃತವರ್ಮ, ಅಶ್ವತ್ಥಾಮ. ಆರು ಮಂದಿಯಲ್ಲಿ ಬೃಹದ್ಬಲ ಅಲ್ಲೇ ಅಭಿಮನ್ಯುವಿನ ಬಾಣಕ್ಕೆ ಸತ್ತ. ದ್ರೋಣ ಹದಿನೈದನೆಯ ದಿನ, ಕರ್ಣ ಹದಿನೇಳನೆಯ ದಿನ ಹೋದರು. ಯುದ್ಧ ಮುಗಿದಾಗ ಉಳಿದವರು ಈ ಮೂವರೇ. ಕೌರವರ ಹನ್ನೊಂದು ಅಕ್ಷೌಹಿಣಿಯಲ್ಲಿ ಹೋರಾಡಲು ಉಳಿದವರೂ ಇವರೇ. ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿದ್ದೂ ಇವರೇ. ಅಭಿಮನ್ಯುವನ್ನು ಸುತ್ತಿ ಕೊಂದ ಗುಂಪಿನಲ್ಲಿದ್ದ ಅಶ್ವತ್ಥಾಮನೇ ಮುಂದೆ ಅವನ ಹೆಂಡತಿ ಉತ್ತರೆಯ ಹೊಟ್ಟೆಯಲ್ಲಿದ್ದ ಮಗನ ಮೇಲೂ ಅಸ್ತ್ರ ಬಿಟ್ಟ. ಒಂದೇ ಎಳೆ ಇಲ್ಲಿಂದ ಅಲ್ಲಿಯವರೆಗೆ ಹರಿದಿದೆ.

ಅಶ್ವತ್ಥಾಮನ ಕಡೆಯ ಮಾತನ್ನೂ ಕೇಳಬೇಕು, ಕೇಳದೆ ತೀರ್ಪು ಕೊಡಬಾರದು. ಅವನ ತಂದೆ ದ್ರೋಣನನ್ನು ಕೊಂದದ್ದು ಸುಳ್ಳಿನಿಂದ. ಅಶ್ವತ್ಥಾಮ ಸತ್ತ ಎಂದು ಧರ್ಮರಾಯನ ಬಾಯಿಂದ ಹೇಳಿಸಿದರು. ಆ ಮುದುಕ ಆಯುಧ ಕೆಳಗಿಟ್ಟು, ರಥದಲ್ಲಿ ಯೋಗಕ್ಕೆ ಕೂತ. ದ್ರೌಪದಿಯ ಅಣ್ಣ ಧೃಷ್ಟದ್ಯುಮ್ನ ಕೂದಲು ಹಿಡಿದು ತಲೆ ಕತ್ತರಿಸಿದ. ಕೊಲ್ಲಬೇಡ, ಆಚಾರ್ಯರನ್ನು ಜೀವಂತ ಕರೆದುಕೊಂಡು ಬಾ ಎಂದು ಅರ್ಜುನ ಕೂಗುತ್ತಲೇ ಇದ್ದ. ಕೇಳಲಿಲ್ಲ. ಅರ್ಜುನನಿಗೆ ಆ ದಿನದ ಗೆಲುವು ಗಂಟಲಿಗಿಳಿಯಲಿಲ್ಲ. ತನ್ನವರ ಎದುರಿಗೇ ಅದನ್ನು ಹೇಳಿ ಜಗಳಕ್ಕೂ ಬಿದ್ದ.

ಅಪ್ಪ ಸತ್ತ ಸುದ್ದಿ ಕೇಳಿ ಅಶ್ವತ್ಥಾಮ ನಾರಾಯಣಾಸ್ತ್ರ ಬಿಟ್ಟ. ಈ ಪ್ರಸಂಗದ ಮೇಲೆ ನನಗೆ ವಿಶೇಷ ಪ್ರೀತಿ. ಆಕಾಶವೆಲ್ಲ ಬೆಂಕಿ, ಚಕ್ರ, ಗದೆ. ಎದುರಿಸಿದಷ್ಟೂ ಬೆಳೆಯುವ ಅಸ್ತ್ರ ಅದು. ಕೃಷ್ಣ ಒಂದೇ ಮಾತು ಹೇಳಿದ: ಆಯುಧ ಕೆಳಗಿಡಿ, ರಥದಿಂದ, ಆನೆಯಿಂದ, ಕುದುರೆಯಿಂದ ಇಳಿಯಿರಿ. ಸೈನ್ಯವೆಲ್ಲ ಇಳಿಯಿತು. ಭೀಮ ಒಬ್ಬ ಇಳಿಯಲಿಲ್ಲ. ಗದೆ ಹಿಡಿದುಕೊಂಡು, ಯಾರೂ ಆಯುಧ ಇಡಬೇಡಿ, ಈ ಅಸ್ತ್ರವನ್ನು ನಾನೇ ತಡೆಯುತ್ತೇನೆ ಎಂದು ಮುನ್ನುಗ್ಗಿದ. ಅಸ್ತ್ರದ ಉರಿಯೆಲ್ಲ ಅವನೊಬ್ಬನ ಮೇಲೆ ಬಂದು ಬಿತ್ತು. ಅರ್ಜುನ ವಾರುಣಾಸ್ತ್ರದಿಂದ ಅವನನ್ನು ಮುಚ್ಚಿದ, ಸಾಲಲಿಲ್ಲ. ಕೊನೆಗೆ ಅರ್ಜುನ, ಕೃಷ್ಣ ಇಬ್ಬರೂ ಓಡಿಹೋಗಿ, ಬುಸುಗುಡುತ್ತಿದ್ದ ಭೀಮನನ್ನು ರಥದಿಂದ ಎಳೆದು ಕೆಳಗಿಳಿಸಿ, ಕೈಯಲ್ಲಿದ್ದದ್ದನ್ನು ಕಿತ್ತುಕೊಂಡರು. ಆಗ ಅಸ್ತ್ರ ತಣ್ಣಗಾಯಿತು.

ನಮ್ಮ ಬಯಲಾಟದಲ್ಲಿ ಈ ಪ್ರಸಂಗ ಆಡಿದರೆ ಶಿಳ್ಳೆ ಯಾರಿಗೆ ಬೀಳುತ್ತದೆ? ಭೀಮನಿಗೇ. ಅವನು ಹೆದರದ ಮನುಷ್ಯ, ಬೀಳಲಿ. ಆದರೆ ಆ ದಿನ ಪಾಂಡವರ ಸೈನ್ಯ ಉಳಿದದ್ದು ಕೆಳಗಿಳಿದ ಲಕ್ಷಾಂತರ ಜನರಿಂದ. ಅವರಲ್ಲಿ ಸಾತ್ಯಕಿ ಇದ್ದ, ಅರ್ಜುನ ಇದ್ದ, ಯಾರೂ ಹೇಡಿಗಳಲ್ಲ. ವ್ಯಾಸರು ಅದನ್ನು ಸೋಲು ಎಂದು ಬರೆಯಲಿಲ್ಲ.

ಈಗ ಆ ರಾತ್ರಿ. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಮೂವರು ಒಂದು ದೊಡ್ಡ ಆಲದ ಮರದ ಕೆಳಗೆ ಮಲಗಿದ್ದಾರೆ. ಇಬ್ಬರಿಗೆ ನಿದ್ದೆ ಬಂತು, ಅಶ್ವತ್ಥಾಮನಿಗೆ ಬರಲಿಲ್ಲ. ಮರದ ತುಂಬ ಕಾಗೆಗಳು ಮಲಗಿವೆ. ಒಂದು ಗೂಬೆ ಸದ್ದಿಲ್ಲದೆ ಬಂದು ಕೆಲವದರ ರೆಕ್ಕೆ ಮುರಿಯಿತು, ಕೆಲವದರ ತಲೆ ಕತ್ತರಿಸಿತು, ಕೆಲವದರ ಕಾಲು ಮುರಿಯಿತು. ಮರದ ಬುಡವೆಲ್ಲ ಕಾಗೆಯ ಹೆಣ. ಇವನು ಅದನ್ನೇ ನೋಡುತ್ತಾ ಕೂತ. ಗೂಬೆ ನನಗೆ ಉಪದೇಶ ಕೊಟ್ಟಿತು ಅಂದುಕೊಂಡ.

ಕೃಪನನ್ನು ಎಬ್ಬಿಸಿ ಹೇಳಿದ. ಕೃಪ ಸೋದರಮಾವ. ಅವನ ಮಾತು ಮನೆಯ ಹಿರಿಯನ ಮಾತು: ದಣಿದಿದ್ದೀಯಪ್ಪಾ, ಇವತ್ತು ಮಲಗು, ಬೆಳಿಗ್ಗೆ ನಾವು ಮೂವರೂ ಜೊತೆಯಲ್ಲಿ ಹೋಗಿ ಎದುರಾಎದುರು ಕಾದೋಣ, ಮಲಗಿದವರನ್ನು ಕೊಲ್ಲುವುದನ್ನು ಲೋಕ ಒಪ್ಪುವುದಿಲ್ಲ. ಅಶ್ವತ್ಥಾಮನ ಉತ್ತರ ಕೇಳಿದರೆ ಮೈ ನಡುಗುತ್ತದೆ. ಧರ್ಮದ ಕಟ್ಟೆಯನ್ನು ಅವರೇ ನೂರು ಚೂರು ಮಾಡಿಯಾಗಿದೆ, ಅಪ್ಪನನ್ನು ಕೊಂದವರನ್ನು ಮಲಗಿದಲ್ಲೇ ಕೊಲ್ಲುತ್ತೇನೆ, ಮುಂದಿನ ಜನ್ಮದಲ್ಲಿ ಹುಳವಾಗಿ ಪತಂಗವಾಗಿ ಹುಟ್ಟಿದರೂ ಸರಿ ಅನ್ನುತ್ತಾನೆ. ಮಾಡುವುದು ತಪ್ಪೆಂದು ಅವನಿಗೆ ಗೊತ್ತು. ಅದಕ್ಕೆ ಬೆಲೆ ಕೊಡಲೂ ಸಿದ್ಧ. ಹೆದರಿಕೆ ಎಳ್ಳಷ್ಟೂ ಇಲ್ಲ. ಹೆದರಿಕೆ ಇಲ್ಲದಿರುವುದೇ ವೀರವಾಗಿದ್ದರೆ ಆ ರಾತ್ರಿ ಅವನಿಗಿಂತ ದೊಡ್ಡ ವೀರ ಇರಲಿಲ್ಲ. ಈ ಮಾತು ನನ್ನನ್ನು ಬಹಳ ಕಾಡಿದೆ.

ಒಳಗೆ ನಡೆದದ್ದನ್ನು ಬಹಳ ಬಿಡಿಸಿ ಹೇಳುವುದಿಲ್ಲ. ಧೃಷ್ಟದ್ಯುಮ್ನ ಎದ್ದಾಗ ಅಶ್ವತ್ಥಾಮ ಅವನನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಶಸ್ತ್ರದಿಂದಲಾದರೂ ಕೊಲ್ಲು, ನನಗೆ ವೀರರ ಲೋಕ ಸಿಗಲಿ ಎಂದು ಅವನು ಬೇಡಿಕೊಂಡ. ಗುರುವನ್ನು ಕೊಂದವನಿಗೆ ಯಾವ ಲೋಕವೂ ಇಲ್ಲ ಎಂದು ಹಿಮ್ಮಡಿಯಿಂದ ತುಳಿದೇ ಕೊಂದ. ಆಮೇಲೆ ದ್ರೌಪದಿಯ ಐದು ಮಕ್ಕಳು, ಶಿಖಂಡಿ, ಪಾಂಚಾಲರೆಲ್ಲ. ತಪ್ಪಿಸಿಕೊಂಡು ಬಾಗಿಲಿಗೆ ಬಂದವರನ್ನು ಕೃಪ, ಕೃತವರ್ಮರು ಮುಗಿಸಿದರು. ಪಾಳೆಯಕ್ಕೆ ಮೂರು ಕಡೆ ಬೆಂಕಿಯಿಟ್ಟರು. ಮಲಗಿದವರನ್ನು ಕೊಲ್ಲಬಾರದು ಅಂದ ಕೃಪನೇ ಬಾಗಿಲು ಕಾದ! ಬುದ್ಧಿ ಹೇಳಿದವನು ಜೊತೆಗೆ ಹೋಗಿಬಿಡುವುದು, ಇದೂ ವ್ಯಾಸರ ಕಣ್ಣಿಗೆ ತಪ್ಪಿಲ್ಲ. ಬೆಳಗಾದಾಗ ಪಾಂಡವರ ಕಡೆ ಉಳಿದವರು ಏಳು ಜನ: ಐವರು ಅಣ್ಣತಮ್ಮಂದಿರು, ಕೃಷ್ಣ, ಸಾತ್ಯಕಿ.

ದ್ರೌಪದಿ ಅನ್ನನೀರು ಬಿಟ್ಟು ಕೂತಳು. ಅಶ್ವತ್ಥಾಮನ ತಲೆಯಲ್ಲಿ ಹುಟ್ಟಿನಿಂದ ಬಂದ ಮಣಿಯಿದೆಯಂತೆ, ಅವನನ್ನು ಕೊಂದು ಅದನ್ನು ತಂದು ಕೊಟ್ಟರೆ ಏಳುತ್ತೇನೆ ಅಂದಳು. ಭೀಮ ಕೂಡಲೇ ಹೊರಟ, ನಕುಲ ಸಾರಥಿ. ಆಗ ಕೃಷ್ಣ ಗಾಬರಿಯಾಗಿ ಧರ್ಮರಾಯನಿಗೆ ಒಂದು ಹಳೆಯ ಸಂಗತಿ ಹೇಳುತ್ತಾನೆ. ನೀವು ಪಾಂಡವರು ಕಾಡಿನಲ್ಲಿದ್ದಾಗ ಈ ಅಶ್ವತ್ಥಾಮ ದ್ವಾರಕೆಗೆ ಬಂದಿದ್ದ. ನನ್ನ ಹತ್ತಿರ ಬ್ರಹ್ಮಶಿರೋಸ್ತ್ರವಿದೆ, ಅದನ್ನು ತೆಗೆದುಕೊಂಡು ನಿನ್ನ ಚಕ್ರ ಕೊಡು ಅಂದ. ನಿನ್ನ ಅಸ್ತ್ರ ನನಗೆ ಬೇಡ, ನನ್ನ ಆಯುಧಗಳಲ್ಲಿ ಯಾವುದನ್ನು ಎತ್ತಬಲ್ಲೆಯೋ ಅದನ್ನು ಒಯ್ಯಿ ಅಂದೆ. ಎಡಗೈಯಲ್ಲಿ ಹಿಡಿದ, ಅಲುಗಲಿಲ್ಲ. ಬಲಗೈ ಹಾಕಿದ, ಅಲುಗಲಿಲ್ಲ. ಬೆವತು ಕೂತ. ನನ್ನ ಜೀವದಂಥ ಅರ್ಜುನ ಯಾವತ್ತೂ ಇದನ್ನು ಕೇಳಲಿಲ್ಲ, ನನ್ನ ಮಗ ಪ್ರದ್ಯುಮ್ನ ಕೇಳಲಿಲ್ಲ, ನೀನು ಇದನ್ನು ಒಯ್ದು ಯಾರ ಜೊತೆ ಯುದ್ಧ ಮಾಡಬೇಕೆಂದಿದ್ದೀ ಅಂತ ಕೇಳಿದೆ. ನಿನ್ನನ್ನೇ ಪೂಜಿಸಿ ನಿನ್ನ ಜೊತೆಯೇ ಯುದ್ಧ ಮಾಡಬೇಕೆಂದಿದ್ದೆ ಅಂದ.

ಒಬ್ಬ ಮನುಷ್ಯನ ಒಳಗನ್ನು ತೋರಿಸಲು ಇದಕ್ಕಿಂತ ಇನ್ನೇನು ಬೇಕು? ದ್ರೋಣನಿಗೂ ಮಗನ ಸ್ವಭಾವ ಗೊತ್ತಿತ್ತು. ಬ್ರಹ್ಮಶಿರೋಸ್ತ್ರವನ್ನು ಮೊದಲು ಕೊಟ್ಟದ್ದು ಅರ್ಜುನನಿಗೆ. ಮಗ ಹೊಟ್ಟೆಕಿಚ್ಚಿನಿಂದ ಕೇಳಿದಾಗ ಒಲ್ಲದ ಮನಸ್ಸಿನಿಂದ ಕೊಟ್ಟ; ಎಂಥ ಆಪತ್ತಿನಲ್ಲೂ ಮನುಷ್ಯರ ಮೇಲೆ ಬಿಡಬೇಡ ಎಂದು ಹೇಳಿ ಕೊಟ್ಟ.

ಗಂಗೆಯ ದಡ. ವ್ಯಾಸರು, ಋಷಿಗಳು ಕೂತಿದ್ದಾರೆ. ಪಕ್ಕದಲ್ಲಿ ಮೈಗೆ ತುಪ್ಪ ಬಳಿದುಕೊಂಡು, ದರ್ಭೆಯ ಬಟ್ಟೆ ಉಟ್ಟು, ಧೂಳು ಮೆತ್ತಿದ ಅಶ್ವತ್ಥಾಮ. ಭೀಮ ಬಿಲ್ಲು ಎತ್ತಿಕೊಂಡು ಬರುತ್ತಿದ್ದಾನೆ, ಅವನ ಹಿಂದೆಯೇ ಕೃಷ್ಣನ ರಥದಲ್ಲಿ ಅರ್ಜುನ, ಧರ್ಮರಾಯ. ಅಶ್ವತ್ಥಾಮ ಎಡಗೈಯಲ್ಲಿ ಒಂದು ಹುಲ್ಲುಕಡ್ಡಿ ಕಿತ್ತು, ಪಾಂಡವರು ಇಲ್ಲದಂತಾಗಲಿ ಎಂದು ಮಂತ್ರಿಸಿ ಬಿಟ್ಟ. ಕಡ್ಡಿ ಹೊತ್ತಿಕೊಂಡಿತು.

ಕೃಷ್ಣ ಕೂಗಿದ ಮೇಲೆ ಅರ್ಜುನ ರಥದಿಂದ ಇಳಿದ. ಅವನು ಆಗ ಏನು ಹೇಳಿದ ಎಂಬುದನ್ನು ವ್ಯಾಸರು ಬರೆದಿದ್ದಾರೆ. ಮೊದಲು ಆಚಾರ್ಯರ ಮಗನಿಗೆ ಒಳಿತಾಗಲಿ, ಆಮೇಲೆ ನನಗೆ, ಆಮೇಲೆ ನನ್ನ ಅಣ್ಣತಮ್ಮಂದಿರಿಗೆ. ದೇವರಿಗೆ, ಗುರುಗಳಿಗೆ ಕೈಮುಗಿದು, ಅಸ್ತ್ರದಿಂದ ಅಸ್ತ್ರ ಶಾಂತವಾಗಲಿ ಎಂದು ಬಿಟ್ಟ. ತನ್ನ ಮಕ್ಕಳನ್ನು ಹಿಂದಿನ ರಾತ್ರಿ ಮಲಗಿದಲ್ಲೇ ಕಡಿದವನು ಎದುರಿಗಿದ್ದಾನೆ. ಅವನ ಒಳಿತು ಮೊದಲು! ನಾನು ಈ ಸಾಲನ್ನು ಓದಿದಾಗಲೆಲ್ಲ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಎರಡು ಬೆಂಕಿ ಒಂದಕ್ಕೊಂದು ಎದುರಾದವು. ನಾರದರು, ವ್ಯಾಸರು ಎದ್ದು ಬಂದು ಎರಡರ ನಡುವೆ ನಿಂತರು. ಹಿಂದಿನ ಮಹಾರಥರು ಯಾರೂ ಇದನ್ನು ಮನುಷ್ಯರ ಮೇಲೆ ಬಿಟ್ಟವರಲ್ಲ, ಇದೆಂಥ ಸಾಹಸ ಮಾಡಿದಿರಿ ಎಂದರು. ಅವರನ್ನು ನೋಡಿದ್ದೇ ತಡ ಅರ್ಜುನ ಅಸ್ತ್ರವನ್ನು ಹಿಂದಕ್ಕೆ ಕರೆದ. ಕರೆಯುವಾಗ ಅವನಿಗೆ ಅಪಾಯ ಗೊತ್ತಿತ್ತು. ಅವನ ಮಾತು ಹೀಗಿದೆ: ನಾನು ಇದನ್ನು ಹಿಂತೆಗೆದುಕೊಂಡರೆ ಅಶ್ವತ್ಥಾಮ ತನ್ನ ಅಸ್ತ್ರದಿಂದ ನಮ್ಮೆಲ್ಲರನ್ನೂ ಸುಟ್ಟುಬಿಡಬಹುದು, ನಮಗೂ ಲೋಕಕ್ಕೂ ಯಾವುದು ಹಿತವೋ ಅದನ್ನು ನೀವೇ ಯೋಚಿಸಿ. ಹಾಗೆಂದು ಹಿಂತೆಗೆದುಕೊಂಡ. ಬಿಡುವುದು ಎಷ್ಟೋ ಜನಕ್ಕೆ ಸಾಧ್ಯ, ಹಿಂತೆಗೆಯುವುದು ಇಂದ್ರನಿಗೂ ಕಷ್ಟ, ಬ್ರಹ್ಮಚರ್ಯ ವ್ರತ ಪಾಲಿಸದವನು ಪ್ರಯತ್ನಪಟ್ಟರೆ ಅವನ ತಲೆಯನ್ನೇ ಕತ್ತರಿಸುತ್ತದೆ ಎಂದು ಅಲ್ಲೇ ಹೇಳಿದ್ದಾರೆ. ಅಶ್ವತ್ಥಾಮನಿಗೂ ಹಿಂತೆಗೆದುಕೋ ಎಂದರು. ಅವನು ತಲೆತಗ್ಗಿಸಿ, ಭೀಮನ ಭಯದಿಂದ ಬಿಟ್ಟೆ, ಹಿಂತೆಗೆಯಲು ನನ್ನಿಂದಾಗದು ಅಂದ. ಆಮೇಲೆ ಅದನ್ನು ಪಾಂಡವರ ಹೆಣ್ಣುಮಕ್ಕಳ ಗರ್ಭಗಳ ಮೇಲೆ ತಿರುಗಿಸಿದ.

ಅಲ್ಲಿ ವ್ಯಾಸರು ಇನ್ನೊಂದು ಮಾತು ಹೇಳುತ್ತಾರೆ, ನಮ್ಮ ಸೀಮೆಯವರ ಕಿವಿಗೆ ಬೇರೆಯೇ ಆಗಿ ಬೀಳುವ ಮಾತು. ಒಂದು ಬ್ರಹ್ಮಶಿರೋಸ್ತ್ರವನ್ನು ಇನ್ನೊಂದು ಪರಮಾಸ್ತ್ರದಿಂದ ಹೊಡೆದ ನಾಡಿನಲ್ಲಿ ಹನ್ನೆರಡು ವರ್ಷ ಮಳೆ ಬರುವುದಿಲ್ಲ. ಬರ ಅಂದರೇನೆಂದು ಬಳ್ಳಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1876ರಿಂದ 78ರವರೆಗಿನ ಬರದಲ್ಲಿ ಮದ್ರಾಸ್ ಪ್ರಾಂತದಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಇದು ಒಂದು. ಕಾಲುವೆಗೆ ತುಂಗಭದ್ರೆಯ ನೀರು ಹರಿದದ್ದು 1953ರಲ್ಲಿ. ಎರಡು ವರ್ಷ ಮಳೆ ಹೋದರೆ ಊರು ಖಾಲಿಯಾಗುವುದನ್ನು ಕಂಡ ಹಿರಿಯರು ನಮ್ಮ ಮನೆಗಳಲ್ಲಿದ್ದರು. ಹನ್ನೆರಡು ವರ್ಷ! ಆ ಅಸ್ತ್ರವನ್ನು ಹಿಂತೆಗೆದುಕೊಂಡಾಗ ಅರ್ಜುನ ಉಳಿಸಿದ್ದು ಯುದ್ಧಕ್ಕೆ ಬಂದವರನ್ನಲ್ಲ, ಅವರು ಎಂದೋ ಸತ್ತಾಗಿತ್ತು. ಯುದ್ಧದ ಗೊಡವೆಯೇ ಇಲ್ಲದೆ ಉಳಿದಿದ್ದ ರೈತನನ್ನು, ಅವನ ಎತ್ತನ್ನು, ಅವನ ಬಿತ್ತನೆಯ ಕಾಳನ್ನು.

ಈ ಮಾತನ್ನು ಹಿಂದೊಮ್ಮೆ ಆಡಿದಾಗ ಒಬ್ಬ ಹಿರಿಯರು ಎದ್ದು ಕೇಳಿದರು: ‘ಅದೆಲ್ಲಾ ಖರೆ ಬಿಡ್ರಿ. ನಿಮ್ಮ ಅರ್ಜುನ ಮೋಸ ಮಾಡಿಲ್ಲೇನು? ಶಿಖಂಡಿ ಮುಂದಿಟ್ಕೊಂಡು ಭೀಷ್ಮನ್ನ ಹೊಡದ. ಗಾಲಿ ಹುಗಿದಾಗ ಕರ್ಣನ್ನ ಹೊಡದ. ಮತ್ತೊಬ್ಬನ ಸಂಗಾಟ ಕಾದ್ತಿದ್ದ ಭೂರಿಶ್ರವನ ಕೈ ಕಡದ.’ ಮೂರೂ ನಿಜ. ಮೂರನ್ನೂ ವ್ಯಾಸರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಕಲೆಯಿಲ್ಲದ ಅರ್ಜುನ ಆ ಗ್ರಂಥದಲ್ಲಿ ಎಲ್ಲೂ ಸಿಗುವುದಿಲ್ಲ. ಗಂಗೆಯ ದಡದ ಆ ಗಳಿಗೆಗೆ ತೂಕ ಬರುವುದೇ ಇದರಿಂದ. ಹದಿನೆಂಟು ದಿನ ಗೆಲ್ಲಲು ಏನೇನೋ ಮಾಡಿದ ಕೈ ಅದು. ಮಗ ಅಭಿಮನ್ಯು ಹೋದ ದುಃಖ, ದ್ರೌಪದಿಯಲ್ಲಿ ಹುಟ್ಟಿದ ಮಗ ಹೋದ ದುಃಖ ಎರಡೂ ಹಸಿಯಾಗಿರುವ ಹೊತ್ತು. ಅಂಥ ಕೈ ಇಬ್ಬರು ಮುದುಕರನ್ನು ಕಂಡು ನಿಂತಿತು. ಹುಟ್ಟಾ ಸಾಧುವೊಬ್ಬ ಇದನ್ನು ಮಾಡಿದ್ದರೆ ನನಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

ದ್ರೌಪದಿಯ ವಿಷಯ ಬಿಟ್ಟು ಮುಂದೆ ಹೋಗಲಾರೆ. ಪಂಪನ ಆ ಎಂಟು ಹೆಸರಲ್ಲಿ ಅವಳಿಲ್ಲ. ಕೊಲ್ಲಿ ಎಂದು ಹಟ ಹಿಡಿದಿದ್ದವಳು, ಭೀಮ ಮಣಿಯನ್ನು ಮಾತ್ರ ತಂದು ಕೈಗಿತ್ತಾಗ, ಗುರುವಿನ ಮಗ ನನಗೂ ಗುರುವೇ, ನನ್ನ ಋಣ ತೀರಿತು ಎಂದು ಉಪವಾಸ ಬಿಟ್ಟು ಎದ್ದಳು. ಭಾಗವತದಲ್ಲಿ ಇದು ಇನ್ನೂ ಬೇರೆ: ಅರ್ಜುನ ಅವನನ್ನು ಕಟ್ಟಿ ಎಳೆದು ತರುತ್ತಾನೆ, ಇವಳು ಬಿಡಿಸುತ್ತಾಳೆ, ನಾನು ಅತ್ತಂತೆ ಇವನ ತಾಯಿ ಕೃಪಿ ಅಳಬಾರದು ಅನ್ನುತ್ತಾಳೆ. ಭಾಗವತದ ದ್ರೌಪದಿಯನ್ನು ಕೇಳಿದರೆ ಕಣ್ಣು ತುಂಬುತ್ತದೆ. ನನಗೆ ಮಾತ್ರ ವ್ಯಾಸಭಾರತದವಳೇ ಹೆಚ್ಚು ಹತ್ತಿರ. ಅವಳಿಗೆ ಸಿಟ್ಟು ಇದೆ, ಅದನ್ನು ಪೂರ್ತಿ ಅನುಭವಿಸುತ್ತಾಳೆ, ಆಮೇಲೆ ಒಂದು ಕಡೆ ನಿಲ್ಲಿಸುತ್ತಾಳೆ. ಅಶ್ವತ್ಥಾಮನಿಗೆ ನಿಲ್ಲಿಸಲು ಬರಲಿಲ್ಲ. ಮೂರು ಸಾವಿರ ವರ್ಷ ಜೊತೆಗೆ ಯಾರೂ ಇಲ್ಲದೆ ಅಲೆ ಎಂದು ಶಾಪ ಪಡೆದು ಕಾಡಿಗೆ ಹೋದ.

ಉತ್ತರೆಯ ಮಗು ಸತ್ತು ಹುಟ್ಟಿತು. ಕೃಷ್ಣ ಅದನ್ನು ಬದುಕಿಸಿದ ಬಗೆ ಅಶ್ವಮೇಧ ಪರ್ವದಲ್ಲಿದೆ. ಅಲ್ಲಿ ಅವನು ಚಕ್ರ ತೆಗೆಯುವುದಿಲ್ಲ, ಆಣೆ ಇಡುತ್ತಾನೆ. ತಮಾಷೆಗೂ ನಾನು ಸುಳ್ಳಾಡಿಲ್ಲ, ಯುದ್ಧದಲ್ಲಿ ಬೆನ್ನು ತೋರಿಸಿಲ್ಲ, ಅರ್ಜುನನಿಗೂ ನನಗೂ ಎಂದೂ ವಿರೋಧ ಬಂದಿಲ್ಲ. ಈ ಸತ್ಯದಿಂದ ಈ ಮಗು ಬದುಕಲಿ. ಸಾಹಸಗಳ ರಾಶಿ ಇರುವವನು ಮಗುವನ್ನು ಬದುಕಿಸಲು ಮುಂದಿಟ್ಟದ್ದರಲ್ಲಿ ಒಂದು ಗೆಳೆತನವೂ ಇದೆ.

ಇಲ್ಲಿ ನಾಟಕದ ಮಾಸ್ತರರು ಕೆಲವರು ಬಂದಿದ್ದೀರಿ, ಅದಕ್ಕೇ ಕೊನೆಗೆ ಒಂದು ಬೇಡಿಕೆ. ನಾನು ನೋಡಿದ ಪ್ರಯೋಗಗಳಲ್ಲಿ ರಾತ್ರಿಯ ಕೊಲೆ, ದ್ರೌಪದಿಯ ಶೋಕ ಇವೆರಡಕ್ಕೂ ಒಳ್ಳೆಯ ಜಾಗ ಸಿಗುತ್ತದೆ. ಗಂಗೆಯ ದಡಕ್ಕೆ ಬರುವ ಹೊತ್ತಿಗೆ ಬೆಳಗಿನ ಜಾವವಾಗಿ, ಜನ ಚಾಪೆ ಸುತ್ತಲು ಶುರುಮಾಡುತ್ತಾರೆಂದು ಆ ಭಾಗವನ್ನು ಎರಡು ಮಾತಲ್ಲಿ ಮುಗಿಸಿಬಿಡುತ್ತಾರೆ. ಒಂದು ಸಲ ಅದನ್ನು ನಡುರಾತ್ರಿಗೆ ತಂದು ಆಡಿ ನೋಡಿ. ಅರ್ಜುನನಿಗೆ ಕಂದ ಬೇಡ, ಉದ್ದುದ್ದ ಮಾತು ಬೇಡ. ಗುರುಪುತ್ರನಿಗೆ ಒಳಿತಾಗಲಿ ಎಂಬ ಆ ಒಂದು ಸಾಲು ಸಾಕು, ಅದನ್ನು ಹೇಳುವಾಗ ಪೇಟಿ, ತಬಲಾ ಎರಡನ್ನೂ ನಿಲ್ಲಿಸಿ. ನಾರದರು, ವ್ಯಾಸರು ನಡುವೆ ಬಂದು ನಿಲ್ಲುವ ಪಾತ್ರಗಳನ್ನು ಹೊಸ ಹುಡುಗರಿಗೆ ಗಡ್ಡ ಕಟ್ಟಿ ಕೊಡಬೇಡಿ, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಹಿರಿಯರಿಗೇ ಕೊಡಿ. ಅರ್ಜುನನ ಪಾತ್ರಕ್ಕೆ ಯಾರನ್ನು ಹಾಕಬೇಕೆಂದು ಕೇಳಿದರೆ, ಪ್ರತಿ ವರ್ಷ ದುರ್ಯೋಧನ ಮಾಡಿ ಶಿಳ್ಳೆ ಹೊಡೆಸಿಕೊಳ್ಳುವವನಿರುತ್ತಾನಲ್ಲ, ಅವನನ್ನೇ ಒಪ್ಪಿಸಿ.